ಇದ್ದೀನಿ ಅಕ್ಕಾ

ಅಕ್ಕಾ,

ಬೆಳಿಗ್ಗೆ, ಬಂದ ಪ್ರಶ್ನೆಗೆ ಕರಾರಿನಂತೆ ಉತ್ತರಿಸುವ ನಿನ್ನ ಹಳೆಯ ಡಬ್ಲ್ಯುಎಸ್‌ಡಿಎಲ್ ಸರ್ವರ್ ಪ್ರೋಗ್ರಾಂ ನಿಲ್ಲಿಸಿ, ಬರೀ ವಿಳಾಸ ನೋಡಿ ಉತ್ತರಿಸುವ ನನ್ನ ರೆಸ್ಟ್ ಸರ್ವರ್ ಶುರು ಮಾಡಿದೆ. "ಏನು ಕೇಳಬಹುದು, ಏನು ಹೇಳ್ತೀವಿ, ಎಲ್ಲಾ ಮೊದಲೇ ಕರಾರಲ್ಲಿ ಬರೀಬೇಕು ಕಣೋ" ಅನ್ನುತ್ತಿದ್ದೆ ನೀನು. "ವಿಳಾಸ ಇದ್ರೆ ಸಾಲ್ದಾ?" ಅನ್ನುತ್ತಿದ್ದೆ ನಾನು. ನನ್ನನ್ನು ಅಣಕಿಸಲೆಂದೇ, "ಇದ್ದೀಯಾ?" ಎಂದು ಕೇಳಿದರೆ "ಇದ್ದೀನಿ ಅಕ್ಕಾ" ಎನ್ನಬೇಕೆಂದು ನೀನು ಕರಾರಿಗೇ ಸೇರಿಸಿದ್ದೆ.

ಇವತ್ತು ಅದೇ ಪ್ರಶ್ನೆ ಬಂತು, ನಿನ್ನ ಕಂಪ್ಯೂಟರಿನಿಂದ. ನೀನು ತೀರಿಹೋದ ಮೇಲೆ ಅದನ್ನು ಬಿಚ್ಚಿ ಗುಜರಿಗೆ ಕೊಟ್ಟವನು ನಾನೇ.

ನನ್ನ ಸರ್ವರ್ "ಅಂಥದ್ದು ಇಲ್ಲಿಲ್ಲ" ಎಂದಿತು. ಪ್ರಶ್ನೆ ಮತ್ತೆ ಬಂತು, ಮತ್ತೆ ಬಂತು. ಪ್ರತಿ ಸಲವೂ ಹೊಸಬರಿಗೆ ಹೇಳುವಂತೆ ಅದನ್ನೇ ಹೇಳಿತು.

ತಡೆಯಲಾರದೆ ನಿನ್ನ ಸರ್ವರ್ ಮತ್ತೆ ಶುರು ಮಾಡಿದೆ. ಅದು "ಇದ್ದೀನಿ ಅಕ್ಕಾ" ಎಂದಿತು.

ಆಮೇಲೆ ಏನೂ ಬರಲಿಲ್ಲ. ಇನ್ನೊಂದು ಸಲ ಕೇಳಕ್ಕಾ.