ಗಿಡ್ಡ ಬೇಸ್ ಗಿಟಾರಿನ ತಂತಿ

ರಿಪೇರಿ ಅಣ್ಣನಿಗೆ ನಮಸ್ಕಾರ.

“ನಾಲ್ಕೂ ತಂತಿ ಒಂದೇ ಕಡೆ ಹೇಗಮ್ಮ ತುಂಡಾದ್ವು?” ಅಂತ ನಿನ್ನೆ ಕೇಳಿದಿರಿ. ನಮ್ಮ ಯಜಮಾನರು ಪಕ್ಕದಲ್ಲೇ ನಿಂತಿದ್ದರು, ಅದಕ್ಕೇ “ಹಳೇವಲ್ವಾ” ಅಂದೆ. ಹೋದ ತಿಂಗಳು ನೀವೇ ಹಾಕಿದ್ದ ತಂತಿಗಳು. ಇಕ್ಕಳದ ಗುರುತು ಕಂಡರೂ ಸುಮ್ಮನಿದ್ದಿರಲ್ಲ, ದೊಡ್ಡ ಉಪಕಾರವಾಯಿತು.

ಈ ಸಲ ಗಿಡ್ಡ ಗಿಟಾರಿನ ಅಳತೆಯಲ್ಲೇ ಚಪ್ಪಟೆ ಸುತ್ತಿನ ನುಣುಪು ತಂತಿ ಹಾಕಿ. ಬೆರಳು ಜಾರಿದರೂ ಕಿರ್ರೆನ್ನಬಾರದು. ಗೋಡೆಗೂ ಕಿವಿ ಅನ್ನುವುದು ನಮ್ಮ ಮನೆಯಲ್ಲಿ ಬರೀ ಗಾದೆಯಲ್ಲ. ತೆಳುವಾದವೇ ಇರಲಿ, ಎಡಗೈ ಕಿರುಬೆರಳು ಈಗ ಮಡಚುವುದಿಲ್ಲ.

ಫೋನ್ ಮಾಡಬೇಡಿ, ಶನಿವಾರ ನಾನೇ ಬರುತ್ತೇನೆ. ಯಜಮಾನರೊಬ್ಬರೇ ಬಂದರೆ, ಗಿಟಾರ್ ಕೊಡುವ ಮುಂಚೆ “ಗಿಟಾರಮ್ಮ ಎಲ್ಲಿ ಸಾರ್?” ಅಂತ ಕೇಳಿ. ಅಂಗಡಿ ತುಂಬ ಜನ ಇರುವಾಗಲೇ ಕೇಳಿ, ಗಟ್ಟಿಯಾಗಿ.

ಇಂತಿ,
ನಿಮ್ಮ ಗಿಟಾರಮ್ಮ