ಕೆಂಪು ವೈರು, ಕಪ್ಪು ವೈರು

ಅಪ್ಪಾ,

ಈ ಕಾಗದ ನಿನಗೆ ಮುಟ್ಟೋದಿಲ್ಲ ಅಂತ ಗೊತ್ತಿದ್ದೂ ಬರೀತಿದ್ದೀನಿ. ಏಳನೇ ಕ್ಲಾಸಿಗೇ ಬಿಟ್ಟವನ ಬರಹ, ತಪ್ಪಿದ್ದರೆ ತಿದ್ದಿಕೋ.

ನೀನು ಹೋದಮೇಲೆ ನಿನ್ನ ಸ್ಟೀರಿಯೋ ಹಾಕಿದ್ದು ಇವತ್ತೇ. ಹಾಡು ಡಬ್ಬದೊಳಗಿಂದ ಬಂದ ಹಾಗೆ ಟೊಳ್ಳಾಗಿ ಕೇಳಿಸಿತು. ಎಲ್ಲಿ ಸುಟ್ಟೇಹೋಯಿತೋ ಅಂತ ರಿಪೇರಿಯವನನ್ನು ಕರೆಸಿದೆ. ಅವನು ಸ್ಪೀಕರ್ ಹಿಂದೆ ಬಗ್ಗಿ ನೋಡಿ ನಕ್ಕ.

"ಅಣ್ಣಾ, ಒಂದು ಸ್ಪೀಕರಿಗೆ ವೈರು ಅದಲುಬದಲಾಗಿದೆ. ಕೆಂಪಿನ ಜಾಗಕ್ಕೆ ಕಪ್ಪು ಹಾಕಿದ್ದಾರೆ. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಸ್ಪೀಕರಿನ ಎಳೆದಾಟದಲ್ಲಿ ಡ್ರಮ್ಮಿನ ದಪ್ಪ ದನಿ ಸತ್ತುಹೋಗುತ್ತೆ."

ಈ ಮನೆಗೆ ಬಂದಾಗ ಆ ವೈರು ಸಿಕ್ಕಿಸಿದ್ದು ನಾನೇ ಅಲ್ಲವಾ. "ಡ್ರಮ್ಮೇ ಕೇಳಿಸ್ತಿಲ್ಲ ಕಣೋ, ಒಂದ್ಸಲ ನೋಡು" ಅಂತ ನೀನು ವಾರವೆಲ್ಲ ಹೇಳಿದೆ. "ಮೊದಲು ನಿನ್ನ ಕಿವಿ ತೋರಿಸ್ಕೋ" ಅಂದೆ ನಾನು. ಆಮೇಲೆ ನೀನು ಕೇಳಲಿಲ್ಲ. ಹಾಡನ್ನೂ ಹಾಕಲಿಲ್ಲ.

ವೈರು ತಿರುಗಿಸಿ ಹಾಕೋದಕ್ಕೆ ಎರಡು ನಿಮಿಷ ಹಿಡೀತು. ಡ್ರಮ್ಮು ಎದೆಗೇ ಬಂದು ಬಡಿಯಿತು.

"ಯಾರಣ್ಣಾ ಹಿಂಗೆ ಹಾಕಿದ್ದು?" ಅಂತ ಅವನು ಕೇಳಿದ.

"ನಮ್ಮಪ್ಪ" ಅಂದುಬಿಟ್ಟೆ.

"ಪಾಪ, ವಯಸ್ಸಾದೋರು" ಅಂದ.

ನಾನು ಹೂಂ ಅಂದೆ.