ನನ್ನ ಬೆನ್ನು ಅವನ ಬೆನ್ನಿಗೆ ಸಾಕ್ಷಿಯಲ್ಲ

ಕಾರ್ಮಿಕರ ಮೈ ನೋಡಿ ‘ಯೋಗ್ಯ’, ‘ಅಯೋಗ್ಯ’ ಎಂದು ಮೊಹರು ಒತ್ತುವ ಮಾನ್ಯ ಅಧಿಕಾರಿಗಳೇ,

ನನ್ನ ಮುಂದಿನ ಎರಡು ಹಲ್ಲು ಈಗ ಈ ಕಾಗದದ ಪಕ್ಕದಲ್ಲಿ, ಒಂದು ಲೋಟದೊಳಗೆ ಇವೆ. ಮುರಿದವನು ನನ್ನ ಅಕ್ಕನ ಮಗ. ಮುರಿಸಿದ್ದು ನಿಮ್ಮ ಆದೇಶ. ಅದರ ಒಂಬತ್ತನೆಯ ಸಾಲು ಹೀಗಿದೆ: ‘ಅರ್ಜಿದಾರನ ಸೋದರಮಾವನಿಗೂ ಅದೇ ಅಪಘಾತದಲ್ಲಿ ಅದೇ ಪೆಟ್ಟಾಗಿದ್ದು, ಆತ ಏಳು ವಾರಗಳಲ್ಲಿ ಸಂಪೂರ್ಣ ಗುಣಮುಖನಾಗಿರುತ್ತಾನೆ. ಒಂದೇ ರಕ್ತದವರಾದ್ದರಿಂದ ಅರ್ಜಿದಾರನ ನೋವು ನಟನೆಯೆಂದು ಪರಿಗಣಿಸಲಾಗಿದೆ.’ ಬರುವ ಸೋಮವಾರ ಅವನು ಮೂಟೆ ಹೊರಲು ಹಾಜರಾಗಬೇಕಂತೆ, ಇಲ್ಲವಾದರೆ ಕೆಲಸದಿಂದ ತೆಗೆಯುತ್ತಾರಂತೆ. ಆ ಗುಣಮುಖನಾದ ಸೋದರಮಾವ ನಾನೇ.

ನನ್ನ ವಿದ್ಯೆ ಹಳ್ಳಿ ಶಾಲೆಯ ಏಳನೆಯ ತರಗತಿ. ಅದನ್ನು ಎರಡು ವರ್ಷ ಓದಿದ್ದರಿಂದ ಬೇರೆಯವರಿಗಿಂತ ಗಟ್ಟಿಯಾಗಿಯೇ ಓದಿದ್ದೇನೆ. ಆ ಬಲದ ಮೇಲೆ ಕೇಳುತ್ತೇನೆ: ನಿಮ್ಮ ಸೋದರಮಾವನ ತಲೆ ಬೋಳಾಗಿದ್ದರೆ, ನಿಮ್ಮ ತಲೆಯ ಮೇಲಿರುವ ಕೂದಲನ್ನೂ ನಟನೆಯೆಂದು ಪರಿಗಣಿಸಬಹುದೇ? ಪರಿಗಣಿಸಿ ಕಿತ್ತು ನೋಡಬಹುದೇ?

ನಾವು ಗೋದಾಮಿನ ಹಮಾಲಿಗಳು. ಲಾರಿಯಿಂದ ಬಾಗಿಲಿಗೆ ಹಾಕಿದ ಹಲಗೆಯ ಮೇಲೆ ಯಂತ್ರದ ಪೆಟ್ಟಿಗೆಯೊಂದನ್ನು ನಾನು ಮುಂದೆ, ಅವನು ಹಿಂದೆ ಹಿಡಿದು ಬರುತ್ತಿದ್ದೆವು. ಹಲಗೆ ನಡುಮಧ್ಯೆ ಲಟಕ್ಕೆಂದಿತು. ಇಬ್ಬರೂ ಸೊಂಟ ಬಡಿದು ನೆಲಕ್ಕೆ ಬಿದ್ದೆವು, ಪೆಟ್ಟಿಗೆ ನಮ್ಮ ತೊಡೆಗಳ ಮೇಲೆ. ಸ್ಕ್ಯಾನ್ ಮಾಡಿದರೆ ಇಬ್ಬರಿಗೂ ಒಂದೇ ಜಾಗದಲ್ಲಿ, ಮೂಳೆಗಳ ನಡುವಿನ ಮೆತ್ತೆ ಹೊರಗುಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತಿತ್ತು. ಆ ನೋವು ಕುರ್ಚಿಯಲ್ಲಿ ಕೂತವರಿಗೆ ತಿಳಿಯುವಂತೆ ಹೇಳುತ್ತೇನೆ. ಕಾಸಿದ ಸರಳನ್ನು ಸೊಂಟಕ್ಕೆ ಚುಚ್ಚಿ, ತೊಡೆಯ ಹಿಂದಿನಿಂದ ಇಳಿಸಿ, ಹೆಬ್ಬೆರಳಲ್ಲಿ ಹೊರಗೆ ಎಳೆಯಿರಿ. ಅಷ್ಟಾದರೆ ಒಂದೇ ಒಂದು ಕೆಮ್ಮಿನ ನೋವು ಮುಗಿಯಿತು. ನನ್ನದು ಏಳು ವಾರಕ್ಕೆ ಇಳಿಯಿತು. ಅವನದು ಹನ್ನೊಂದು ತಿಂಗಳಾದರೂ ಇಳಿದಿಲ್ಲ. ಗೋಡೆಗೆ ಒರಗಿ ನಿಂತೇ ಉಣ್ಣುತ್ತಾನೆ. ಚಪ್ಪಲಿ ತೊಡಿಸುವವಳು ಅಕ್ಕ. ಸೀನು ಬಂದರೆ ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳುತ್ತಾನೆ, ಅಲ್ಲಿನ ಬಣ್ಣವೆಲ್ಲ ಅವನ ಉಗುರಿಗೆ ಕಿತ್ತು ಬಂದಿದೆ.

ಕೆಲಸದಿಂದ ಬಿಡುವು ಕೇಳಿ ಅವನು ಹಾಕಿದ ಅರ್ಜಿಯ ವಿಚಾರಣೆಯ ದಿನ ನಿಮ್ಮ ಕೋಣೆಯಲ್ಲಿ ಏನೇನಾಯಿತು ಎಂಬುದು ಆದೇಶದಲ್ಲಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ನಿಮ್ಮ ಜವಾನ “ಬೀಳ್ತಾನೋ ಇಲ್ವೋ ನೋಡೇಬಿಡೋಣ ಸಾರ್” ಎಂದು ಅವನ ಊರುಗೋಲು ಕಿತ್ತುಕೊಂಡ. ಬಿದ್ದ. ಕಬ್ಬಿಣದ ಬೀರುವಿನ ಮೂಲೆಗೆ ಹಣೆ ಒಡೆದು ರಕ್ತ ಹುಬ್ಬಿಗಿಳಿಯಿತು. “ಬೀಳೋದನ್ನೂ ಚೆನ್ನಾಗಿ ಕಲ್ತಿದಾನೆ” ಎಂದಿರಿ ನೀವು. ಆಮೇಲೆ ಬೆಂಚಿನ ಮೇಲೆ ಮಲಗಿಸಿ, ಕಾಲನ್ನು ನೀವೇ ನೆಟ್ಟಗೆ ಮೇಲಕ್ಕೆ ಎಳೆದಿರಿ. ಅವನು ಕೂಗಿದ ಕೂಗಿಗೆ ಪಕ್ಕದ ಕೋಣೆಯ ಟೈಪಿಂಗ್ ನಿಂತುಹೋಯಿತು. ನನ್ನ ಕೈ ಮೇಲೆದ್ದದ್ದು ನಿಜ. ಆ ಕೈಯನ್ನು ಯಾರದಾದರೂ ಕೆನ್ನೆಯ ಮೇಲೆ ಇಳಿಸಿದ್ದರೆ ನನ್ನ ಮೇಲೊಂದು ಕೇಸು ಬೀಳುತ್ತಿತ್ತು, ಅಷ್ಟೇ. ನಾನು ಅದಕ್ಕಿಂತ ಘೋರವಾದದ್ದನ್ನು ಮಾಡಿದೆ. ಜಂಬ ಕೊಚ್ಚಿದೆ.

ನಮ್ಮ ಕಸುಬಿನ ಒಂದು ಕಟ್ಟಳೆ ನಿಮಗೆ ಗೊತ್ತಿರಲಾರದು. ಹಮಾಲಿ ‘ನೋವು’ ಎಂದು ಬಾಯಿಬಿಟ್ಟರೆ ಮರುದಿನ ಅವನ ಜೊತೆ ಭಾರ ಹಿಡಿಯಲು ಯಾರೂ ಜೋಡಿಯಾಗುವುದಿಲ್ಲ. ಅದಕ್ಕೇ ಕಾಲು ಮುರಿದರೂ ‘ಏನಿಲ್ಲ, ಸ್ವಲ್ಪ ಉಳುಕು’ ಎನ್ನುವುದು ನಮ್ಮ ಅಭ್ಯಾಸ. ಅದೇ ಅಭ್ಯಾಸದಲ್ಲಿ ಎದೆ ತಟ್ಟಿ ಹೇಳಿದೆ: “ನಮ್ಮ ಮನೇಲಿ ಮೈಗಳ್ಳರು ಹುಟ್ಟಲ್ಲ ಸ್ವಾಮಿ. ನನಗೂ ಇದೇ ಆಗಿತ್ತು, ಏಳೇ ವಾರಕ್ಕೆ ಎದ್ದೆ. ನೋಡ್ತೀರಾ?” ಎಂದವನೇ ನಿಮ್ಮ ಮೇಜನ್ನು ಎತ್ತಿಬಿಟ್ಟೆ. ಮೇಲಿದ್ದ ನಿಮ್ಮ ಟೀ ಒಂದು ಹನಿ ತುಳುಕಲಿಲ್ಲ. ಈ ಸಂಗತಿ ಗೋದಾಮಿನಲ್ಲಿ ಇಂದಿಗೂ ಪ್ರಸಿದ್ಧ, ಪ್ರಸಿದ್ಧಿ ಮಾಡಿದವನೂ ನಾನೇ. ಹುಡುಗ ಸೋಮಾರಿಗಳ ಮನೆಯವನಲ್ಲ ಎಂದು ತೋರಿಸಲು ನಾನು ಎತ್ತಿದ ಮೇಜನ್ನು ನೀವು ಅವನ ಸೊಂಟದ ಮೇಲೆ ಇಳಿಸಿದಿರಿ.

ಗುರುವಾರ ಮಧ್ಯಾಹ್ನ ಆದೇಶ ಬಂತು. ಓದಿದ. “ಮಾವ, ಬಾ ಇಲ್ಲಿ” ಎಂದ. ಹೋದೆ. “ಇನ್ನೂ ಹತ್ರ ಬಾ, ನನಗೆ ಬಗ್ಗಕ್ಕಾಗಲ್ಲ.” ಬಗ್ಗಿದೆ. ಊರುಗೋಲು ಬಾಯಿಗೆ ಬಂತು. “ಎತ್ತು! ಈಗ ಎತ್ತು ಮೇಜನ್ನ! ಟೀ ತುಳುಕಬಾರದು!” ಎರಡನೆಯ ಏಟು ಭುಜಕ್ಕೆ, ಮೂರನೆಯದು ಕಿವಿಗೆ. ನಾಲ್ಕನೆಯದಕ್ಕೆ ಬೀಸುವಾಗ ಅವನೇ ಕುಸಿದ, ಅವನನ್ನು ನಿಲ್ಲಿಸಿದ್ದು ಆ ಕೋಲೇ ಅಲ್ಲವೇ? ನಾನು ರಕ್ತ ಉಗುಳುತ್ತಾ, ಅವನು ನೆಲ ಪರಚುತ್ತಾ. ಅಕ್ಕ ಒಳಗಿನಿಂದ ಓಡಿಬಂದು ನೋಡಿದಳು. “ಒಬ್ಬನಿಗೆ ಬಾಯಿ ಮುಚ್ಚೋಕೆ ಬರಲ್ಲ, ಒಬ್ಬನಿಗೆ ಎದ್ದೇಳೋಕೆ ಬರಲ್ಲ. ಯಾರನ್ನ ಮೊದಲು ಎತ್ತಲಿ ನಾನು?” ಎಂದು ತಲೆ ಚಚ್ಚಿಕೊಂಡಳು. ನಾನೇ ಎತ್ತಿದೆ. ಮೂವತ್ತು ವರ್ಷ ಭಾರ ಹೊತ್ತವನಿಗೆ ತಕ್ಕಡಿ ಬೇಡ. ನನ್ನ ಕೈಯಲ್ಲಿದ್ದ ಆ ಗಂಡಾಳು ಒಂದು ಮೂಟೆಯಷ್ಟೂ ತೂಗಲಿಲ್ಲ.

ಬಾಯಿಗೆ ಹೊಲಿಗೆ ಹಾಕಿಸಿಕೊಂಡು, ಅದೇ ಆಸ್ಪತ್ರೆಯಲ್ಲಿ ಅವನನ್ನು ನೋಡುವ ನರದ ಡಾಕ್ಟರಮ್ಮನ ಬಾಗಿಲು ಬಡಿದೆ. “ಒಂದೇ ರಕ್ತ, ಒಂದೇ ಏಟು. ಅವನಿಗ್ಯಾಕಮ್ಮ ಹೋಗಲ್ಲ?”

“ಒಂದೇ ರಕ್ತ ಅಂತ ಯಾರು ಹೇಳಿದ್ದು? ಮಾವನಿಗೂ ಅಳಿಯನಿಗೂ ಹೊಂದೋದು ಹೆಚ್ಚು ಕಡಿಮೆ ಕಾಲು ಭಾಗ. ಒತ್ತಿದ ನರದ ಸುತ್ತ ಬಾವು ಬರುತ್ತೆ. ಅದು ಎಷ್ಟು ಬೇಗ ಇಳಿಯುತ್ತೆ, ನರ ಎಷ್ಟು ಜೋರಾಗಿ ಕಿರುಚುತ್ತೆ, ಇದರಲ್ಲಿ ಅಪ್ಪ ಅಮ್ಮನಿಂದ ಬಂದ ಜೀನುಗಳ ಕೈವಾಡ ಒಂದಿಷ್ಟು ಇರುತ್ತೆ. ಪೂರ್ತಿ ಅಲ್ಲ, ಒಂದಿಷ್ಟು. ಆದರೆ ಇಂಥವನಿಗೆ ಇಷ್ಟೇ ದಿನ ಅಂತ ಜೀನು ನೋಡಿ ಹೇಳೋ ಪರೀಕ್ಷೆ ನನ್ನ ಹತ್ರ ಇಲ್ಲ.” ಆಮೇಲೆ ಕೇಳಿದರು: “ಅವನ ಅಪ್ಪನ ಬೆನ್ನು ಹೇಗಿತ್ತು?”

ಅವನ ಅಪ್ಪ, ಅಂದರೆ ನಮ್ಮ ಭಾವ, ದರ್ಜಿ. ಹೊಲಿಗೆ ಯಂತ್ರ ಎತ್ತಲು ಹೋಗಿ ಸೊಂಟ ಹಿಡಿದದ್ದು, ಒಂಬತ್ತು ವರ್ಷ ಬಗ್ಗಿಕೊಂಡೇ ನಡೆದರು. ‘ಕುಡುಗೋಲು’ ಎಂದು ಅವರಿಗೆ ಹೆಸರಿಟ್ಟವನು ನಾನು. ಬೀದಿಯೆಲ್ಲ ಹಾಗೇ ಕರೆಯಿತು, ಆ ಹೆಸರಿನಲ್ಲೇ ಸತ್ತರು. ಮಗ ಅದನ್ನು ಕೇಳುತ್ತಲೇ ಬೆಳೆದ. ಅಪ್ಪನಿಂದ ಬಂದ ಅರ್ಧದಲ್ಲಿ ಆ ಸೊಂಟವೂ ಇದೆಯೋ ಇಲ್ಲವೋ ಡಾಕ್ಟರಮ್ಮನಿಗೇ ಖಚಿತವಿಲ್ಲ. ಆದರೆ ನೀವಾಗಲಿ ನಾನಾಗಲಿ ಆ ಕಡೆಗೆ ತಿರುಗಿಯೂ ನೋಡಲಿಲ್ಲ. ಯಾಕೆ? ಕೋಣೆಯಲ್ಲಿ ಎದೆ ತಟ್ಟಿಕೊಂಡವನು ನಾನು, ಭಾವ ಅಲ್ಲವಲ್ಲ!

ಸ್ಕ್ಯಾನು, ಸೂಜಿ, ಇಪ್ಪತ್ತು ವರ್ಷದ ಓದು ಇಟ್ಟುಕೊಂಡ ಡಾಕ್ಟರಮ್ಮನಿಗೆ ಹೇಳಲಾಗದ್ದನ್ನು ನೀವು ಒಂದು ಲೋಟ ಟೀ ನೋಡಿ ಹೇಳಿಬಿಟ್ಟಿರಿ. ಎಂಥ ವಿಜ್ಞಾನ! ಮೂಟೆ ಎಳೆಯುವ ನಮ್ಮ ಕಬ್ಬಿಣದ ಕೊಕ್ಕೆ ಗೋಣಿಯನ್ನು ಮಾತ್ರ ಹರಿಯುತ್ತದೆ, ನಿಮ್ಮ ಮೊಹರು ಮನುಷ್ಯನನ್ನೇ ಹರಿಯುತ್ತದೆ. ಸೋಮವಾರ ಅವನ ಹೆಗಲಿಗೆ ಮೂಟೆ ಬಿದ್ದರೆ ಇನ್ನು ಆ ಕಾಲು ಏಳುವುದಿಲ್ಲ. ಆಗ ಆ ಕಾಲನ್ನೂ ನಟನೆಯೆಂದು ಪರಿಗಣಿಸುವಿರಾ?

ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ: ನನ್ನ ಜಂಬವನ್ನು ವಾಪಸು ಪಡೆದಿದ್ದೇನೆ. ಒಂಬತ್ತನೆಯ ಸಾಲನ್ನು ಹೊಡೆದುಹಾಕಿ. ಆದೇಶ ರದ್ದು ಮಾಡಿ. ಅವನ ಬೆನ್ನನ್ನು ಅವನ ಬೆನ್ನಿನಿಂದಲೇ, ನರ ಬಲ್ಲ ವೈದ್ಯರಿಂದ ಅಳೆಸಿ. ಊರುಗೋಲು ಮುಟ್ಟಬೇಡಿ. ಭಾನುವಾರದೊಳಗೆ ಉತ್ತರ ಬರದಿದ್ದರೆ ಸೋಮವಾರ ಬೆಳಿಗ್ಗೆ ಅವನು ನಿಮ್ಮ ಆದೇಶದಂತೆ ಹಾಜರಾಗುತ್ತಾನೆ, ನನ್ನ ಬೆನ್ನಿನ ಮೇಲೆ. ಗೋದಾಮಿಗಲ್ಲ, ನೇರ ನಿಮ್ಮ ಕೋಣೆಗೆ. ನಿಮ್ಮ ಮೇಜಿನ ಮೇಲೇ ಮಲಗಿಸುತ್ತೇನೆ. ಈ ಸಲ ಟೀ ತುಳುಕುವುದಿಲ್ಲ ಎಂಬ ಭರವಸೆ ಮಾತ್ರ ಕೊಡಲಾರೆ.

ಇಂತಿ,
ಭಾವನಿಗೆ ಅಡ್ಡಹೆಸರಿಟ್ಟು, ಅಳಿಯನಿಗೆ ಅಡ್ಡಸಾಕ್ಷಿ ಹೇಳಿ, ಎರಡು ಹಲ್ಲಿನಲ್ಲೇ ಪಾರಾದ
ಒಬ್ಬ ಸೋದರಮಾವ